ರಾಜಕಾಲುವೆಯ ನೀರು: ನಾಗರಿಕರ ಅಳತೆ, ಮಂಡಳಿಯ ಮೊಹರು

ದಕ್ಷಿಣ ಬೆಂಗಳೂರಿನ ನೀರು ಎರಡು ದಾರಿ ಹಿಡಿಯುತ್ತದೆ. ಬನಶಂಕರಿಯ ಪಶ್ಚಿಮ ಇಳಿಜಾರಿನದು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ಬಿಟಿಎಂ ಬಡಾವಣೆಯ ಮಡಿವಾಳ ಕೆರೆಯದು ಬೆಳ್ಳಂದೂರು, ವರ್ತೂರು ಹಾದು ದಕ್ಷಿಣ ಪಿನಾಕಿನಿಗೆ. ಈ ನೀರನ್ನು ನಾಗರಿಕರು ಅಳೆದಿಟ್ಟರೆ ಆ ಅಂಕಿಗಳಿಂದ ಸರ್ಕಾರಕ್ಕೇನು ಪ್ರಯೋಜನ?

ನ್ಯಾಯಾಲಯದಲ್ಲಿ ತೀರಾ ಕಡಿಮೆ. 1974ರ ಜಲ ಮಾಲಿನ್ಯ ಕಾಯ್ದೆಯ 21ನೇ ಕಲಮಿನ ಪ್ರಕಾರ ತ್ಯಾಜ್ಯನೀರಿನ ಪರೀಕ್ಷೆ ಸಾಕ್ಷ್ಯವಾಗಿ ನಿಲ್ಲಬೇಕಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ಮಾದರಿ ತೆಗೆಯಬೇಕು; ಸ್ಥಳದ ಹೊಣೆಗಾರನಿಗೆ ನೋಟಿಸು ಕೊಟ್ಟು, ಅವನೆದುರೇ ಅದನ್ನು ಎರಡು ಭಾಗ ಮಾಡಿ, ಮೊಹರು ಹಾಕಬೇಕು. 60 ದಿನಗಳ ನೋಟಿಸಿನ ಬಳಿಕ ಯಾರಾದರೂ ದೂರು ಹೂಡಬಹುದೆಂದು 1988ರ ತಿದ್ದುಪಡಿ ಸೇರಿಸಿತು, ನಿಜ. ಆದರೂ ದೂರು ನಾಗರಿಕರದು, ಸಾಕ್ಷ್ಯ ಮಂಡಳಿಯದು ಎಂಬಂತೆಯೇ ವ್ಯವಸ್ಥೆ ಉಳಿದಿದೆ.

ಮೊಹರಿನ ಶೀಶೆಗೂ ಒಂದು ಕೊರತೆಯಿದೆ: ಅದು ಒಂದೇ ಹೊತ್ತಿನ ನೀರು. ಮಂಡಳಿ ಕೆರೆಗಳ ಮಾದರಿಯನ್ನು ತಿಂಗಳಿಗೊಮ್ಮೆ ತೆಗೆಯುತ್ತದೆ. ಪಾಚಿಗಟ್ಟಿದ ಕೆರೆಯಲ್ಲಿ ಕರಗಿದ ಆಮ್ಲಜನಕ ಮಧ್ಯಾಹ್ನ ಏರಿ, ರಾತ್ರಿಯಿಡೀ ಇಳಿದು, ನಸುಕಿಗೆ ತಳ ಮುಟ್ಟುತ್ತದೆ. ನೀರಿನ ಗುಣಮಟ್ಟದ ದರ್ಜೆಗಳಲ್ಲಿ ಮೀನು ಬದುಕಲು ತಕ್ಕ ‘ಡಿ’ ದರ್ಜೆ ಕೇಳುವುದು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ. ಹಗಲಲ್ಲಿ ಆ ಗೆರೆ ದಾಟಿದ ಕೆರೆಯಲ್ಲೇ ಮುಂಜಾನೆ ಮೀನು ಸಾಯಬಹುದು. ಆ ಹೊತ್ತಿಗೆ ದಡದಲ್ಲಿರುವವರು ವಾಯುವಿಹಾರಿಗಳೇ ಹೊರತು ಅಧಿಕಾರಿಗಳಲ್ಲ.

ಹಾಗೆಂದು ಅಗ್ಗದ ಕಿಟ್‌ಗಳನ್ನು ಕುರುಡಾಗಿ ನಂಬುವಂತಿಲ್ಲ. ಜಗತ್ತಿನಾದ್ಯಂತ ಸ್ವಯಂಸೇವಕರು ಬಳಸುವ ‘ಫ್ರೆಶ್‌ವಾಟರ್ ವಾಚ್’ ಕಿಟ್ ಲೀಟರಿಗೆ 1 ಮಿಲಿಗ್ರಾಂವರೆಗಿನ ಫಾಸ್ಫೇಟನ್ನಷ್ಟೇ ಅಳೆಯುತ್ತದೆ; ನಮ್ಮ ಕೊಳಚೆಗೆ ಆ ಮಾಪಕ ಸಾಲದು. ನೈಟ್ರೇಟಿನದು ಇನ್ನೂ ದೊಡ್ಡ ಮೋಸ. ಆಮ್ಲಜನಕವಿಲ್ಲದ ಚರಂಡಿನೀರಿನಲ್ಲಿ ಸಾರಜನಕ ಬಹುಪಾಲು ಅಮೋನಿಯ ರೂಪದಲ್ಲಿರುತ್ತದೆ. ಆದ್ದರಿಂದ ಮೂಗು ಮುಚ್ಚಿಕೊಳ್ಳುವಷ್ಟು ನಾರುವ ಕಾಲುವೆಯೂ ನೈಟ್ರೇಟ್ ಪರೀಕ್ಷೆಯಲ್ಲಿ ‘ಶುದ್ಧ’ವೆನಿಸುತ್ತದೆ! ಇಲ್ಲಿ ಬೇಕಿರುವುದು ಅಮೋನಿಯ ಕಿಟ್.

ಅಮೆರಿಕದ ಚೆಸಪೀಕ್ ಕೊಲ್ಲಿಯ ಪ್ರದೇಶದಲ್ಲಿ ನಾಗರಿಕರ ದತ್ತಾಂಶಕ್ಕೆ ಗುಣಮಟ್ಟಕ್ಕೆ ತಕ್ಕಂತೆ ಮೂರು ಹಂತಗಳಿವೆ: ಮೊದಲನೆಯದು ಶಿಕ್ಷಣಕ್ಕೆ, ಎರಡನೆಯದು ತೊಂದರೆಯ ಜಾಗ ಗುರುತಿಸಲು, ಮೂರನೆಯದು ನಿಯಂತ್ರಣದ ನಿರ್ಧಾರಗಳಿಗೆ. ನಮಗೆ ಸದ್ಯಕ್ಕೆ ಎರಡನೆಯದೇ ಸಾಕೆಂದು ನನ್ನ ಅಭಿಪ್ರಾಯ. ಒಳಚರಂಡಿ ಎಲ್ಲಿ ರಾಜಕಾಲುವೆಗೆ ಸೇರುತ್ತಿದೆ ಎಂದು ತೋರಿಸಿದರೆ ಅದನ್ನು ಸರಿಪಡಿಸಲು ಜಲಮಂಡಳಿಗೆ ಮೊಹರಿನ ಸಾಕ್ಷ್ಯ ಬೇಕಿಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ನಿರ್ವಹಣೆಗೆ 2011ರಲ್ಲೇ ನಾಗರಿಕ ಟ್ರಸ್ಟಿನೊಡನೆ ಪಾಲಿಕೆ ಒಪ್ಪಂದ ಮಾಡಿಕೊಂಡಿತ್ತು. ಕೆರೆಯನ್ನೇ ವಹಿಸಿಕೊಟ್ಟ ಊರಿನಲ್ಲಿ ಅಳತೆಯ ಜಾಗ, ಗಂಟೆ, ಕಿಟ್‌ನ ಹೆಸರು ಮತ್ತು ಮಿತಿ ಬರೆದ ಒಂದು ನಮೂನೆಯನ್ನು ಸ್ವೀಕರಿಸಿ, ಮಂಡಳಿಯ ಮುಂದಿನ ತಿಂಗಳ ಮಾದರಿಯನ್ನು ಅದೇ ಗಂಟೆಗೆ ತೆಗೆಯುವುದು ಹೊಸ ಕಾಯ್ದೆ ಬೇಡುವ ಕೆಲಸವಲ್ಲ.