ಒಪ್ಪಿಸಿಕೊಂಡವರ ಹಾದಿ

ಕ್ರೈಸ್ತ ಚಿಂತನೆಯಲ್ಲಿ ಆತ್ಮಸಮರ್ಪಣೆಯ ವಿಚಾರ ಪೌಲರ ಪತ್ರಗಳಷ್ಟೇ ಹಳೆಯದು. ತಮ್ಮೊಳಗೆ ಬದುಕುತ್ತಿರುವವನು ಕ್ರಿಸ್ತನೇ ಎಂದು ನಂಬಿದ ಪೌಲರು ಮೂಲೆ ಸೇರಲಿಲ್ಲ. ಊರೂರು ಅಲೆದು ಸಭೆಗಳನ್ನು ಕಟ್ಟಿದರು. ಸಮರ್ಪಣೆಯ ಬೆನ್ನಿಗೇ ಕೆಲಸವೂ ಬಂದಿತ್ತು. ಮುಂದಿನವರು ಇದನ್ನು ಆಗಾಗ ಮರೆತರು.

ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಅಂತೋನಿ ಆಸ್ತಿ ಮಾರಿ, ಬಡವರಿಗೆ ಹಂಚಿ, ಮರುಭೂಮಿಗೆ ನಡೆದರು. ಅವರ ಕಥೆ ಕೇಳಿ ಕಲಕಿಹೋದ ಅಗಸ್ಟೀನರು 386ರಲ್ಲಿ ಮಿಲಾನಿನಲ್ಲಿ ದೇವರಿಗೆ ಸೋತರು. ಆರನೆಯ ಶತಮಾನದಲ್ಲಿ ಬೆನೆಡಿಕ್ಟರು ಪ್ರಾರ್ಥನೆಯ ಜೊತೆ ಕೈಕೆಲಸವನ್ನೂ ಮಠದ ನಿಯಮವಾಗಿಸಿದರು. ಆದರೂ ಪೂರ್ಣ ಸಮರ್ಪಣೆ ಸಂನ್ಯಾಸಿಗಳಿಗೇ ಸೇರಿದ್ದೆಂಬ ಭಾವನೆ ಬಹುಕಾಲ ಉಳಿಯಿತು. ಅದನ್ನು ಒಡೆದವರು ಲೂಥರ್. ಚಮ್ಮಾರ, ಕಮ್ಮಾರ, ರೈತರ ದುಡಿಮೆಯೂ ದೇವರ ಸೇವೆಯೇ ಎಂದು ಅವರು 1520ರಲ್ಲಿ ವಾದಿಸಿದರು. ಮರುವರ್ಷ ಪಂಪ್ಲೋನಾದ ಕಾಳಗದಲ್ಲಿ ಕಾಲು ಮುರಿದುಕೊಂಡ ಇಗ್ನೇಷಿಯಸ್ ಲೊಯೋಲಾ, ಹಾಸಿಗೆ ಹಿಡಿದಾಗ ಓದಿದ ಸಂತರ ಚರಿತ್ರೆಯಿಂದ ಬದಲಾದರು. ಬದುಕಿನ ನಿರ್ಧಾರಗಳನ್ನು ದೇವರ ಮುಂದಿಟ್ಟು ಪರಿಶೀಲಿಸುವ ಅವರ ಅಭ್ಯಾಸಕ್ರಮ 1548ರಲ್ಲಿ ಅಚ್ಚಾಯಿತು. 1755ರಲ್ಲಿ ಜಾನ್ ವೆಸ್ಲಿ ಲಂಡನ್ನಿನಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆ, ಒಬ್ಬೊಬ್ಬರ ಸಮರ್ಪಣೆಯನ್ನು ಇಡೀ ಸಭೆಯ ಹರಕೆಯಾಗಿಸಿತು. ನಮ್ಮ ದಕ್ಷಿಣ ಭಾರತ ಸಭೆಯ ಆರಾಧನಾ ಪುಸ್ತಕದಲ್ಲೂ ಅದಕ್ಕೆ ಜಾಗವಿದೆ.

ಈ ಹಾದಿಯ ಅತಿ ಕಠಿಣ ತಿರುವು ಜರ್ಮನಿಯಲ್ಲಿ ಬಂತು. ಒಬ್ಬ ನಾಯಕನಿಗೆ ಪೂರ್ಣವಾಗಿ ಶರಣಾಗಬೇಕೆಂದು ನಾಜಿ ಸರ್ಕಾರ ಕೇಳುತ್ತಿದ್ದಾಗ, 1937ರಲ್ಲಿ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ ಶಿಷ್ಯತ್ವದ ಕುರಿತು ಪುಸ್ತಕ ಬರೆದರು. ಏನನ್ನೂ ತೆರದೆ ಸಿಗುವ ಅಗ್ಗದ ಕೃಪೆಯನ್ನು ಅದು ತಿರಸ್ಕರಿಸುತ್ತದೆ. 1939ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿದ್ದರು. ಕೆಲವೇ ವಾರಗಳಲ್ಲಿ ತಾವಾಗಿ ಮರಳಿದರು. ಹಿಟ್ಲರ್ ವಿರೋಧಿ ಸಂಚಿನಲ್ಲಿ ಸೇರಿ, 1943ರಲ್ಲಿ ಬಂಧಿತರಾಗಿ, 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬರ್ಗ್ ಶಿಬಿರದಲ್ಲಿ ಗಲ್ಲಿಗೇರಿದರು. ದೇವರಿಗೆ ಪೂರ್ತಿ ಒಪ್ಪಿಸಿಕೊಂಡವನ ಬಳಿ ಸರ್ವಾಧಿಕಾರಿಗೆ ಕೊಡಲು ಏನೂ ಉಳಿದಿರುವುದಿಲ್ಲ. ಸಮರ್ಪಣೆಯೆಂದರೆ ತಲೆಬಾಗುವುದಷ್ಟೇ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರವನ್ನು ನಾನು ಕಂಡಿಲ್ಲ.

1960ರಲ್ಲಿ ಅಮೆರಿಕದ ದೇವತಾಶಾಸ್ತ್ರಜ್ಞೆ ವ್ಯಾಲೆರಿ ಸೈವಿಂಗ್ ಬೇರೊಂದು ಪ್ರಶ್ನೆ ಎತ್ತಿದರು. ಅಹಂಕಾರವೇ ಮೂಲಪಾಪ, ಸ್ವಾರ್ಥತ್ಯಾಗವೇ ಮದ್ದು ಎಂಬ ಬೋಧನೆ ಗಂಡಸರ ಅನುಭವದಿಂದ ಹುಟ್ಟಿದ್ದು. ಮೊದಲೇ ತಮ್ಮತನವನ್ನು ಕಳೆದುಕೊಂಡ ಹೆಂಗಸರಿಗೆ ಅದೇ ಮದ್ದನ್ನು ಕೊಡುವುದು ಸರಿಯೇ? ಈ ಪ್ರಶ್ನೆಯನ್ನು ಬದಿಗಿಟ್ಟು ಸಮರ್ಪಣೆಯ ಪ್ರಸಂಗ ಮಾಡುವುದು ಇನ್ನು ನ್ಯಾಯವಲ್ಲ. ಮನೆ, ಗಂಡ, ಸಭೆ ಎಂದು ಸವೆದುಹೋದವಳ ಮುಂದೆ ಇನ್ನಷ್ಟು ತ್ಯಾಗವನ್ನು ಬೋಧಿಸುವವರು ಕ್ರಿಸ್ತನ ಹೆಸರಿನಲ್ಲಿ ತಮ್ಮ ಅನುಕೂಲವನ್ನೇ ಕೇಳುತ್ತಿರುತ್ತಾರೆ.

2002ರಲ್ಲಿ ಬಂದ, ಅಮೆರಿಕದ ಪಾದ್ರಿ ರಿಕ್ ವಾರೆನ್ ಅವರ ಪುಸ್ತಕ ದೇವರಿಗೆ ಒಪ್ಪಿಸಿಕೊಂಡ ಬದುಕಿನ ಉದ್ದೇಶದ ಮಾತನ್ನು ಕೋಟ್ಯಂತರ ಜನರಿಗೆ ಮುಟ್ಟಿಸಿದೆ. ಅದನ್ನು ಓದಿದವರು ಬಾನ್‌ಹಾಫರರನ್ನೂ ಸೈವಿಂಗರನ್ನೂ ಜೊತೆಗಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ.