ಹಳೆಯ ಕಾರಿನ ಎಂಜಿನ್‌ಗೆ ಉಸಿರು ಕಟ್ಟಿದಾಗ: ಇನ್‌ಟೇಕ್‌ನ ಕರಿ ತೆಗೆಯುವುದು ಹೇಗೆ?

ಹರಿಪುರ: ಕೃಷ್ಣಾ-ವಾರಣಾ ಸಂಗಮದ ಈ ಊರಿನಿಂದ ಸಾಂಗಲಿ ಪೇಟೆಗೆ ಮೂರು-ನಾಲ್ಕು ಕಿಲೋಮೀಟರ್ ದಾರಿ. ಬೆಳಿಗ್ಗೆ ಹೋಗಿ ಸಂಜೆ ಬಂದು ನಿಲ್ಲುವ ಡೀಸೆಲ್ ಕಾರು ಅಷ್ಟರಲ್ಲಿ ಪೂರ್ತಿ ಬಿಸಿಯಾಗುವುದೇ ಇಲ್ಲ. ಹೀಗೆ ಓಡಿದ ಕಾರು ಹತ್ತು ಹನ್ನೆರಡು ವರ್ಷ ಕಳೆಯುವ ಹೊತ್ತಿಗೆ ಏರಿನಲ್ಲಿ ಎಳೆಯದು, ಎಕ್ಸಲರೇಟರ್ ಒತ್ತಿದರೆ ಕಪ್ಪು ಹೊಗೆ ಉಗುಳುತ್ತದೆ. ‘ಎಂಜಿನ್ ಕೆಲಸಕ್ಕೆ ಬಂದಿದೆ’ ಎಂಬ ಮಾತು ಕೇಳಿದ ಮಾಲೀಕರು ಸಾಲ ಮಾಡುವುದೋ, ಗಾಡಿ ಗುಜರಿಗೆ ಹಾಕುವುದೋ ಎಂಬ ಚಿಂತೆಗೆ ಬೀಳುತ್ತಾರೆ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಿಸುವ ಸಮಯವಾದರೆ ಚಿಂತೆ ಇನ್ನೂ ಹೆಚ್ಚು. ಆದರೆ ಎಷ್ಟೋ ಸಲ ಕೆಟ್ಟಿರುವುದು ಎಂಜಿನ್ ಅಲ್ಲ, ಅದಕ್ಕೆ ಗಾಳಿ ಹೋಗುವ ದಾರಿ.

ಕರಿ ಎಲ್ಲಿಂದ ಬರುತ್ತದೆ?

ಈ ಭಾಗದಲ್ಲಿ ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡುತ್ತಾರೆ. ಆರಿದರೆ ಒಳಗೆ ಒಳ್ಳೆಯ ಗಾಳಿ ಇಲ್ಲ ಎಂದು ಅರ್ಥ. ಎಂಜಿನ್ ಕತೆಯೂ ಅದೇ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಡೀಸೆಲ್ ಕಾರುಗಳಲ್ಲಿ ಇಜಿಆರ್ ಎಂಬ ವಾಲ್ವ್ ಇರುತ್ತದೆ. ಅದು ಸೈಲೆನ್ಸರ್ ಕಡೆ ಹೊರಟ ಹೊಗೆಯಲ್ಲಿ ಒಂದಿಷ್ಟನ್ನು ತಿರುಗಿ ಇನ್‌ಟೇಕ್‌ಗೆ ಬಿಡುತ್ತದೆ. ಆಮ್ಲಜನಕ ಕಡಿಮೆಯಾಗಿ ಉರಿಯ ಶಾಖ ಇಳಿಯುತ್ತದೆ, ವಿಷಾನಿಲವೂ ತಗ್ಗುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಹೊಗೆಯ ಜೊತೆ ಮಸಿಯೂ ಬರುತ್ತದೆ. ಎಂಜಿನ್ ಎಣ್ಣೆಯ ಆವಿ ಇನ್ನೊಂದು ಕೊಳವೆಯಿಂದ ಅದೇ ಜಾಗಕ್ಕೆ ಬಂದು ಸೇರುತ್ತದೆ. ಮಸಿ ಮತ್ತು ಎಣ್ಣೆ ಕೂಡಿ ಡಾಂಬರಿನಂಥ ಅಂಟಾಗಿ ಗೋಡೆಗೆ ಹಿಡಿಯುತ್ತದೆ. ಎಂಜಿನ್ ತಣ್ಣಗಿದ್ದಷ್ಟೂ ಅದು ದಪ್ಪವಾಗುತ್ತದೆ.

ಲೆಕ್ಕ ನೋಡಿ: 40 ಮಿ.ಮೀ. ಅಗಲದ ಕೊಳವೆಯಲ್ಲಿ ಸುತ್ತಲೂ 5 ಮಿ.ಮೀ. ಕರಿ ಹಿಡಿದರೆ ಉಳಿಯುವ ತೂತು 30 ಮಿ.ಮೀ. ಗಾಳಿಯ ದಾರಿ ಮಾತ್ರ ಸುಮಾರು ಶೇ. 44ರಷ್ಟು ಮುಚ್ಚಿದಂತೆ.

ಹೊಗೆಯ ಬಣ್ಣ ಗಮನಿಸಿ

ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ, ಅದು ಬೇರೆ ರೋಗ. ಕಪ್ಪು ಹೊಗೆಗೆ ಮೊದಲು ಏರ್ ಫಿಲ್ಟರ್ ನೋಡಬೇಕು, ಅದಕ್ಕಿಂತ ಅಗ್ಗದ ರಿಪೇರಿ ಇಲ್ಲ. ಕಬ್ಬಿನ ಟ್ರ್ಯಾಕ್ಟರ್‌ಗಳ ಹಂಗಾಮಿನಲ್ಲಿ ಇಲ್ಲಿನ ರಸ್ತೆ ಧೂಳಿಗೆ ಅದು ಬೇಗ ಕಟ್ಟುತ್ತದೆ. ಟರ್ಬೊ ಇದ್ದರೆ ರಬ್ಬರ್ ಕೊಳವೆಗಳು ಬಿರಿದಿವೆಯೇ ಎಂದು ನೋಡಬೇಕು. ಇವೆರಡೂ ಸರಿಯಿದ್ದರೆ, ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ ಬಾಯಿಯ ಕೊಳವೆ ಬಿಚ್ಚಿ ಬ್ಯಾಟರಿ ಬಿಟ್ಟು ನೋಡಬಹುದು. ತೆಳುವಾದ ಕಪ್ಪು ಲೇಪ ಸಹಜ. ಬೆರಳಲ್ಲಿ ಕೆರೆದರೆ ಹೆಂಟೆ ಬರುವಂತಿದ್ದರೆ ತೆಗೆಯಲೇಬೇಕು. ಇಂಜೆಕ್ಟರ್, ಟರ್ಬೊ ಬದಲಿಸುವ ಮಾತು ಇದೆಲ್ಲ ಆದ ಮೇಲೆ.

ಬಿಚ್ಚಿ ತೊಳೆಯುವುದೇ ದಾರಿ

ದಪ್ಪ ಕರಿಗೆ ಬಿಚ್ಚಿ ತೊಳೆಯುವುದನ್ನು ಬಿಟ್ಟರೆ ಬೇರೆ ಉಪಾಯವಿಲ್ಲ. ಬ್ಯಾಟರಿಯ ಮೈನಸ್ ತೆಗೆದು, ಯಾವ ಕೊಳವೆ ಎಲ್ಲಿತ್ತು ಎಂದು ಫೋಟೊ ಹಿಡಿದು, ಇಜಿಆರ್ ವಾಲ್ವ್ ಹಾಗೂ ಮ್ಯಾನಿಫೋಲ್ಡ್ ಇಳಿಸಬೇಕು. ಲೋಹದ ಭಾಗಗಳನ್ನು ರಾತ್ರಿಯಿಡೀ ಡೀಸೆಲ್‌ನಲ್ಲಿ ನೆನೆಸಿದರೆ ಅಂಟು ಸಡಿಲಾಗುತ್ತದೆ. ನಂತರ ಮರದ ಕಡ್ಡಿ, ನೈಲಾನ್ ಬ್ರಷ್‌ನಿಂದ ಕೆರೆದು, ಬಿಸಿ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ವಾಲ್ವ್‌ನ ಮೋಟಾರು, ವೈರಿನ ಭಾಗ ದ್ರವದಲ್ಲಿ ಮುಳುಗಬಾರದು. ಜೋಡಿಸುವಾಗ ಗ್ಯಾಸ್ಕೆಟ್ ಹೊಸದೇ ಇರಲಿ.

ಎಂಜಿನ್ ಕಡೆಯ ತೂತುಗಳಿಗೆ ಮೊದಲೇ ಬಟ್ಟೆ ತುರುಕಬೇಕು, ಎಷ್ಟು ತುಂಡು ತುರುಕಿದ್ದೇವೆ ಎಂದು ಎಣಿಸಿಯೂ ಇಡಬೇಕು. ಒಂದು ಬಟ್ಟೆ ಒಳಗೇ ಉಳಿದರೆ ಕರಿಗಿಂತ ದೊಡ್ಡ ಖರ್ಚು.

ಕೆಲವೆಡೆ ಬೇಗ ಬಿಳುಪಾಗಲೆಂದು ಕಾಸ್ಟಿಕ್ ಸೋಡಾದಲ್ಲಿ ಕುದಿಸುತ್ತಾರೆ. ಅಲ್ಯೂಮಿನಿಯಂ ಭಾಗವನ್ನು ಕಾಸ್ಟಿಕ್ ಕರಗಿಸುತ್ತದೆ, ಬೆಂಕಿ ಹತ್ತುವ ಹೈಡ್ರೋಜನ್ ಅನಿಲವೂ ಹೊರಡುತ್ತದೆ. ಇದು ಬೇಡವೇ ಬೇಡ. ಕೈಗವಸು, ಮಾಸ್ಕ್ ಇರಲಿ: ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ. ತೊಳೆದ ಕಪ್ಪು ಡೀಸೆಲ್ ಗಟಾರಕ್ಕೆ ಚೆಲ್ಲಿದರೆ ಅದು ಸೇರುವುದು ಊರ ನದಿಯನ್ನೇ. ಹಳೆ ಆಯಿಲ್ ಒಯ್ಯುವವರಿಗೆ ಕೊಡುವುದು ಒಳ್ಳೆಯದು.

ಸ್ಪ್ರೇ, ಹೈಡ್ರೋಜನ್ ಮತ್ತು ‘ಇಜಿಆರ್ ಬಂದ್’

ಪೆಟ್ರೋಲ್ ಕಾರಿನ ಥ್ರಾಟಲ್ ಬಾಡಿಗೆ ಕ್ಲೀನರ್ ಸ್ಪ್ರೇ ಸಾಕಾಗುತ್ತದೆ. ಹಳೆಯ ಎಂಪಿಎಫ್‌ಐ ಎಂಜಿನ್‌ಗಳಲ್ಲಿ ಪೆಟ್ರೋಲ್ ವಾಲ್ವ್‌ನ ಬೆನ್ನಿಗೇ ಸಿಡಿಯುವುದರಿಂದ ಅಲ್ಲಿ ಕರಿ ಅಷ್ಟಾಗಿ ನಿಲ್ಲದು. ಡೀಸೆಲ್ ಎಂಜಿನ್ ಓಡುತ್ತಿರುವಾಗ ಮಾತ್ರ ಇನ್‌ಟೇಕ್‌ಗೆ ಸ್ಪ್ರೇ ಹೊಡೆಯಬಾರದು. ಆ ದ್ರವವೇ ಇಂಧನವಾಗಿ ಉರಿದು, ಕೀಲಿ ತಿರುಗಿಸಿದರೂ ಎಂಜಿನ್ ನಿಲ್ಲದೆ ವೇಗ ಏರಬಹುದು.

ಹೈಡ್ರೋಜನ್ ಯಂತ್ರ ಹಚ್ಚಿ ಕಾರ್ಬನ್ ತೆಗೆಯುವ ಸೇವೆಯೂ ಇದೆ. ಇನ್‌ಟೇಕ್‌ನ ಗಟ್ಟಿ ಕರಿ ಅದರಿಂದ ಏಳುತ್ತದೆ ಎಂದು ನಂಬಿ ಹಣ ಕೊಡಬೇಕಾಗಿಲ್ಲ. ಮೊದಲೂ ಆಮೇಲೂ ಕೊಳವೆ ಬಿಚ್ಚಿ ತೋರಿಸಿ ಎಂದು ಕೇಳಬಹುದು. ಇಜಿಆರ್‌ಗೆ ತಗಡು ಬಡಿದು ಬಂದ್ ಮಾಡಿಸುವುದು ಸುಲಭ ಉಪಾಯದಂತೆ ಕಾಣುತ್ತದೆ. ಕಾಣದ ವಿಷಾನಿಲ ಹೆಚ್ಚುತ್ತದೆ, ಹೊಸ ಮಾದರಿಗಳಲ್ಲಿ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ, ಮಾಲಿನ್ಯ ನಿಯಮಕ್ಕೂ ವಿರುದ್ಧ. ಪಿಯುಸಿ ತಪಾಸಣೆಯಲ್ಲಿ ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಕಾರಿಗೆ ಹೊಗೆಯ ಮಿತಿ 65 ಹಾರ್ಟ್ರಿಜ್ ಯೂನಿಟ್, ಬಿಎಸ್-4ಕ್ಕೆ 50. ಕರಿ ತೆಗೆಸಿ, ಫಿಲ್ಟರ್ ಬದಲಿಸಿದ ಮೇಲೆ ತಪಾಸಣೆಗೆ ಹೋಗುವುದು ಜಾಣತನ.

ತೊಳೆದ ಕಾರನ್ನು ವಾರಕ್ಕೊಮ್ಮೆಯಾದರೂ ದೂರ ಓಡಿಸಬೇಕು. ಮಿರಜ ದಾಟಿ ಕಾಗವಾಡದವರೆಗೆ ಹೋಗಿ ಬಂದರೆ ಎಂಜಿನ್ ಚೆನ್ನಾಗಿ ಬಿಸಿಯಾಗುತ್ತದೆ. ಎಂಜಿನ್ ಎಣ್ಣೆ ಕಾಲಕ್ಕೆ ಸರಿಯಾಗಿ ಬದಲಾಗಬೇಕು. ಸಣ್ಣ ಓಡಾಟದ ಕಾರಿಗೆ ಕಿಲೋಮೀಟರ್ ತುಂಬುವವರೆಗೆ ಕಾಯಬಾರದು.

ನದಿ ನೀರು ಹೊಕ್ಕಿದ್ದರೆ

2005, 2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿದಾಗ ಸಾಂಗಲಿ ಭಾಗ ನೀರಿನಲ್ಲಿ ನಿಂತಿತ್ತು. ಮುಳುಗಿದ ಕಾರಿನ ಇನ್‌ಟೇಕ್‌ನಲ್ಲಿ ರಾಡಿ ಮಣ್ಣು ಎಣ್ಣೆಗರಿಗೆ ಅಂಟಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ನೀರು ಇಳಿದ ಕೂಡಲೇ ಕೀಲಿ ತಿರುಗಿಸಿ ನೋಡುವ ಆಸೆ ಬೇಡ. ಸಿಲಿಂಡರ್‌ನಲ್ಲಿ ನಿಂತ ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿಯನ್ನು ಎಳೆದೊಯ್ದು, ಇನ್‌ಟೇಕ್ ಇಳಿಸಿ, ಸಿಲಿಂಡರ್‌ಗಳ ನೀರು ತೆಗೆಸಿ, ಆಯಿಲ್ ಕಡ್ಡಿ ಎಳೆದು ನೋಡಬೇಕು. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಅದನ್ನು ಫಿಲ್ಟರ್ ಸಹಿತ ಬದಲಿಸುವವರೆಗೆ ಸ್ಟಾರ್ಟ್ ಮಾಡಬಾರದು.