ವಿಯಾಂಡೆನ್ ಕೋಟೆ

ವಿಯಾಂಡೆನ್ ಕೋಟೆಯು ಯುರೋಪಿನ ಪುಟ್ಟ ರಾಷ್ಟ್ರವಾದ ಲಕ್ಸೆಂಬರ್ಗಿನ ಈಶಾನ್ಯ ಭಾಗದಲ್ಲಿ, ಜರ್ಮನಿಯ ಗಡಿಗೆ ಸಮೀಪದಲ್ಲಿರುವ ಮಧ್ಯಯುಗದ ಕೋಟೆ. ಇದು ಊರ್ ನದಿಯ ಕಣಿವೆಗೆ ಚಾಚಿಕೊಂಡಿರುವ ಬಂಡೆಯ ಮೇಲೆ, ಅದೇ ಹೆಸರಿನ ಪಟ್ಟಣದ ನೆತ್ತಿಯಲ್ಲಿದೆ. ಈ ಕೋಟೆ ಪಾಳುಬಿದ್ದದ್ದು ಶತ್ರುಗಳ ದಾಳಿಯಿಂದಲ್ಲ, ಮಾರಾಟದಿಂದ ಎಂಬುದು ಇದರ ಇತಿಹಾಸದ ವಿಶೇಷ.

ನಿರ್ಮಾಣ

ರೋಮನ್ನರ ಕಾಲದ ಕಾವಲುನೆಲೆಯ ತಳಪಾಯದ ಮೇಲೆ 11ರಿಂದ 14ನೆಯ ಶತಮಾನದವರೆಗೆ ಕೋಟೆಯು ಹಂತಹಂತವಾಗಿ ಬೆಳೆಯಿತು. ಆದ್ದರಿಂದ ಇಲ್ಲಿ ರೋಮನೆಸ್ಕ್ ಮತ್ತು ಗೋಥಿಕ್ ಶೈಲಿಗಳೆರಡನ್ನೂ ಕಾಣಬಹುದು. ಎರಡು ಅಂತಸ್ತಿನ ಪ್ರಾರ್ಥನಾ ಮಂದಿರವು ಗಮನಾರ್ಹವಾದುದು. ಅದರ ಮೇಲಂತಸ್ತಿನ ನೆಲದ ನಡುವೆ ಕೆಳಗಿನ ಮಂದಿರಕ್ಕೆ ತೆರೆದುಕೊಳ್ಳುವ ಕಿಂಡಿಯಿದೆ.

ಅವನತಿ

ವಿಯಾಂಡೆನ್ನಿನ ಕೌಂಟರ ಬಳಿಕ, 1417ರಲ್ಲಿ, ಕೋಟೆಯು ವಾರಸಿಕೆಯಿಂದ ನಸ್ಸೌ ಮನೆತನಕ್ಕೆ ಬಂತು. ಒಡೆಯರು ದೂರದಲ್ಲಿ ನೆಲೆಸಿದ್ದರಿಂದ ಕ್ರಮೇಣ ಅದರ ಮಹತ್ವ ಕುಗ್ಗಿತು. ಇದೇ ಮನೆತನದ ಶಾಖೆಗೆ ಸೇರಿದ ನೆದರ್ಲೆಂಡ್ಸಿನ ದೊರೆ ಒಂದನೆಯ ವಿಲಿಯಂ 1820ರಲ್ಲಿ ಅದನ್ನು ಸ್ಥಳೀಯ ವರ್ತಕನೊಬ್ಬನಿಗೆ ಮಾರಿದನು. ವರ್ತಕನು ಚಾವಣಿಯ ಹೊದಿಕೆ, ತೊಲೆ, ಬಾಗಿಲು, ಕಿಟಕಿಗಳನ್ನು ಬಿಡಿಬಿಡಿಯಾಗಿ ವಿಕ್ರಯಿಸಿದನು. ಚಾವಣಿ ಕಳೆದುಕೊಂಡ ಗೋಡೆಗಳು ಮಳೆ ಹಿಮಗಳಿಗೆ ಈಡಾಗಿ ಶಿಥಿಲವಾದವು. ಜನರ ಅಸಮಾಧಾನದ ನಡುವೆ 1827ರಲ್ಲಿ ದೊರೆಯೇ ಅದನ್ನು ಮರಳಿ ಕೊಂಡನಾದರೂ, ಆ ವೇಳೆಗೆ ಕೋಟೆ ಹಾಳುಬಿದ್ದಿತ್ತು.

ವಿಕ್ಟರ್ ಹ್ಯೂಗೋ

ಪ್ಯಾರಿಸ್ ಕಮ್ಯೂನಿನ ಪರಾಜಿತರಿಗೆ ಆಶ್ರಯ ನೀಡುವುದಾಗಿ ಘೋಷಿಸಿದ್ದಕ್ಕೆ ಬೆಲ್ಜಿಯಂನಿಂದ ಹೊರದೂಡಲ್ಪಟ್ಟ ಫ್ರೆಂಚ್ ಸಾಹಿತಿ ವಿಕ್ಟರ್ ಹ್ಯೂಗೋ 1871ರ ಬೇಸಿಗೆಯಲ್ಲಿ ಇಲ್ಲಿ ತಂಗಿದ್ದನು. ಆತ ಈ ಅವಶೇಷಗಳ ಚಿತ್ರಗಳನ್ನೂ ಬರೆದಿದ್ದಾನೆ. ಸೇತುವೆಯ ಬಳಿ ಆತ ವಾಸವಾಗಿದ್ದ ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ.

ಜೀರ್ಣೋದ್ಧಾರ

1977ರಲ್ಲಿ ಗ್ರ್ಯಾಂಡ್ ಡ್ಯೂಕ್ ಜಾನ್ ಕೋಟೆಯನ್ನು ಸರ್ಕಾರಕ್ಕೆ ಒಪ್ಪಿಸಿದರು. ಆನಂತರ ಗೋಡೆ, ಚಾವಣಿಗಳನ್ನು ಮತ್ತೆ ಕಟ್ಟಲಾಯಿತು. ಹೀಗಾಗಿ ದೂರದಿಂದ ಅಖಂಡವಾಗಿ ಕಾಣುವ ಕಟ್ಟಡದಲ್ಲಿ ಪುರಾತನ ಭಾಗದೊಂದಿಗೆ ಇಪ್ಪತ್ತನೆಯ ಶತಮಾನದ ಕೆಲಸವೂ ಬೆರೆತಿದೆ. ಪುನರ್ನಿರ್ಮಾಣವು ಮೂಲ ರೂಪವನ್ನು ಕಲ್ಪಿಸಿಕೊಳ್ಳಲು ನೆರವಾಗುತ್ತದೆ. ಆದರೆ ಕಾಲವು ಕಲ್ಲಿನ ಮೇಲೆ ಬರೆದ ಗುರುತುಗಳನ್ನು ಮರೆಮಾಡುತ್ತದೆ. ಇದೇ ದೇಶದ ಬೋಫೋರಿನಲ್ಲಿ ಮಧ್ಯಯುಗದ ಕೋಟೆಯನ್ನು ಅವಶೇಷವಾಗಿಯೇ ಉಳಿಸಿಕೊಳ್ಳಲಾಗಿದೆ. ಎರಡನ್ನೂ ನೋಡಿದವರಿಗೆ ಸಂರಕ್ಷಣೆಯ ಈ ಎರಡು ಮಾರ್ಗಗಳ ಲಾಭನಷ್ಟಗಳು ಸ್ಪಷ್ಟವಾಗುತ್ತವೆ.

ಪ್ರವಾಸ

ಕೋಟೆಯು ಸಾರ್ವಜನಿಕರ ವೀಕ್ಷಣೆಗೆ ತೆರೆದಿದೆ. ಪಟ್ಟಣದಿಂದ ಏರುದಾರಿಯಲ್ಲಿ ನಡೆದು ಹೋಗಬಹುದು. ಸಮೀಪದ ಗುಡ್ಡಕ್ಕೆ ಸಾಗುವ ತೂಗುಕುರ್ಚಿಯ ರೋಪ್‌ವೇಯಿಂದ ಕೋಟೆ ಹಾಗೂ ಕಣಿವೆಯ ನೋಟ ದೊರೆಯುತ್ತದೆ.